ತಂತಿ ಬಂದ ದಿನ

ಬ್ರೆಕ್ಕೆ, 14 ಜುಲೈ 1946

ಪ್ರೀತಿಯ ಐಲಿಫ್,

ನೀನು ಗ್ರೀನ್‌ಲ್ಯಾಂಡಿಗೆ ಹೋಗಿ ವರ್ಷವಾಯಿತು. ವರ್ಷಕ್ಕೊಂದೇ ಹಡಗು, ಅದೂ ಈ ತಿಂಗಳ ಕೊನೆಗೆ ಓಲೆಸುಂಡ್ ಬಿಡುತ್ತದಂತೆ. ಹುಲ್ಲು ಕೊಯ್ಯುವುದನ್ನು ಅರ್ಧಕ್ಕೆ ಬಿಟ್ಟು ಕೂತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊ.

ಚರ್ಚಿನ ಸಂಘದ ಹೆಂಗಸರು ನನ್ನನ್ನು ಬಿಡುವುದಿಲ್ಲ. "ಅಲ್ಲ ಗುನ್ವೋರ್, ಐದು ವರ್ಷ ಜರ್ಮನ್ನರ ಕಣ್ಣಿಗೆ ಮಣ್ಣೆರಚಿ ಬೆಟ್ಟ ಅಲೆದ ಹುಡುಗ, ಸ್ವಾತಂತ್ರ್ಯ ಬಂದ ಮೇಲೆ ಊರಲ್ಲಿ ಎರಡು ತಿಂಗಳು ನಿಲ್ಲಲಿಲ್ವಲ್ಲೇ. ಅವನಿಗೆ ಮನುಷ್ಯರನ್ನ ಕಂಡ್ರೆ ಆಗಲ್ವಾ?" ಅನ್ನುತ್ತಾರೆ. "ಮನುಷ್ಯರನ್ನ ನೋಡಿ ನೋಡಿ ಸಾಕಾಗಿದೆ ಅವನಿಗೆ, ಸ್ವಲ್ಪ ದಿನ ಕರಡಿ ನೋಡ್ಕೊಂಡು ಬರ್ಲಿ ಬಿಡಿ" ಅನ್ನುತ್ತೇನೆ. ನೀನು ತೆಗೆದುಕೊಳ್ಳಲು ಹೋಗದ ಪದಕ ಅಂಚೆಯಲ್ಲೇ ಬಂತು. ಎಂಬ್ರಿಕ್‌ನ ಪಟದ ಪಕ್ಕ ಇಟ್ಟಿದ್ದೇನೆ. ಹೆತ್ತ ಮಗನ ಪಟ, ಸಾಕಿದ ಮಗನ ಪದಕ, ಇಷ್ಟು ನನ್ನ ಸಂಸಾರ.

ಈಗ ಮುಖ್ಯ ವಿಷಯ. ಬ್ಲೋನುಟ್ ಬೆಟ್ಟದ ಕಲ್ಲು ಗುಡಿಸಲಲ್ಲಿ ನೀವಿಬ್ಬರು ರೇಡಿಯೊ ಇಟ್ಟುಕೊಂಡಿದ್ದು ನಾಲ್ಕೇ ಜನಕ್ಕೆ ಗೊತ್ತಿತ್ತು. ನೀನು, ಎಂಬ್ರಿಕ್, ನಾನು, ಮತ್ತು ಅಂಚೆಯ ತಾರಾಲ್ಡ್. ಅಂಚೆಚೀಲದ ಅಡಿಯಲ್ಲಿ ಎರಡು ಸಲ ನಿಮಗೆ ಒಣಮಾಂಸ ತಂದುಕೊಟ್ಟವನು ಅವನೇ ಅಲ್ಲವೇ? ನಲವತ್ನಾಲ್ಕರ ಮಾರ್ಚ್‌ನಲ್ಲಿ ಜರ್ಮನ್ ಕಾವಲುಪಡೆ ಸೇತುವೆ ಹತ್ತಿರ ಅವನನ್ನು ನಿಲ್ಲಿಸಿ ಮಾತಾಡಿಸಿತು. ಹೊಗೆಸೊಪ್ಪು ಕೊಟ್ಟಿತು. ಅವನು ತೆಗೆದುಕೊಂಡ. ಅಂಗಡಿಯ ಮುಂದೆ ನಿಂತಿದ್ದ ಮೂರು ಜನ ಕಣ್ಣಾರೆ ನೋಡಿದ್ದಾರೆ. ಅದಾದ ಎರಡು ದಿನಕ್ಕೆ ಎಂಬ್ರಿಕ್ ಆ ಗುಡಿಸಲಲ್ಲೇ ಸಿಕ್ಕಿಬಿದ್ದ. ಮೇ ತಿಂಗಳಲ್ಲಿ ಓಸ್ಲೋದಲ್ಲಿ ಗುಂಡಿಟ್ಟರು. ಹೆಣವನ್ನೂ ಕೊಡಲಿಲ್ಲ.

ಚಳಿಗಾಲದೊಳಗೆ ವಿಚಾರಣೆ ನಡೆಯುತ್ತದೆ. ತಾರಾಲ್ಡ್ "ನಾನು ಬಾಯಿ ಬಿಟ್ಟಿಲ್ಲ" ಎನ್ನುತ್ತಾನೆ. ಅವನಿನ್ನೇನು ಹೇಳುತ್ತಾನೆ? ಪೊಲೀಸ್ ಅಧಿಕಾರಿ ನನಗೆ ಹೇಳಿದ, "ಗುನ್ವೋರ್, ನೀವೂ ತಾರಾಲ್ಡೂ ಬಿಟ್ರೆ ಗುಡಿಸಲಿನ ವಿಷಯ ತಿಳಿದು ಬದುಕಿರೋನು ನಿಮ್ಮ ಐಲಿಫ್ ಒಬ್ಬನೇ. ಅವನು ಒಂದು ಸಾಲು ಬರೀಲಿ, ಸಾಕು." ಆ ಒಂದು ಸಾಲು ಬರಿ ಮಗೂ. ನನ್ನ ಮಗನನ್ನು ಹಿಡಿದುಕೊಟ್ಟವನು ದಿನಾ ಬೆಳಗ್ಗೆ ನನ್ನ ಮನೆ ಬಾಗಿಲಿಗೆ ಪತ್ರಿಕೆ ತಂದುಕೊಡುತ್ತಾನೆ. ಅದನ್ನು ನೋಡಿಕೊಂಡು ನಾನು ಎಷ್ಟು ದಿನ ಇರಲಿ? ಈ ಪತ್ರವನ್ನು ಅವನ ಕೈಗೆ ಕೊಡುವುದಿಲ್ಲ. ಎರಡು ಗಂಟೆ ನಡೆದು ಪಕ್ಕದ ಊರಿನ ಅಂಚೆಯಲ್ಲಿ ಹಾಕಿ ಬರುತ್ತೇನೆ.

ಉಣ್ಣೆಯ ಕಾಲುಚೀಲ ಆರು ಜೊತೆ ಕಳಿಸಿದ್ದೇನೆ. ಹಾಕಿಕೊ, ನಾಯಿಗಳಿಗೆ ಹಾಸಬೇಡ.

ನಿನ್ನ ಚಿಕ್ಕಮ್ಮ
ಗುನ್ವೋರ್


ಪೂರ್ವ ಗ್ರೀನ್‌ಲ್ಯಾಂಡ್, 19 ಆಗಸ್ಟ್ 1946

ಪ್ರೀತಿಯ ಚಿಕ್ಕಮ್ಮ,

ಹಡಗು ಬಂದು ಎರಡು ದಿನವಾಯಿತು. ಕಲ್ಲಿದ್ದಲು, ಹಿಟ್ಟು, ಸೀಮೆಎಣ್ಣೆ ಇಳಿಸಿ ಕೈಯೆಲ್ಲ ಬೊಕ್ಕೆ ಎದ್ದಿದೆ. ಮಂಜುಗಡ್ಡೆ ಕೊಲ್ಲಿಯ ಬಾಯಿಗೆ ಬರುತ್ತಿದೆ, ನಾಳೆಯೇ ಹೊರಡಬೇಕು ಅನ್ನುತ್ತಾನೆ ಕಪ್ತಾನ.

ನಾನು ಚೆನ್ನಾಗಿದ್ದೇನೆ. ಇಲ್ಲಿ ನಾವಿಬ್ಬರು, ಹದಿನಾಲ್ಕು ನಾಯಿ. ನನ್ನ ಜೊತೆಗಾರ ಯೋಸ್ಟೈನ್ ಹವಾಮಾನದ ವರದಿಯನ್ನು ರೇಡಿಯೊದಲ್ಲಿ ಕಳಿಸುತ್ತಾನೆ. ನಾನು ನರಿ ಹಿಡಿಯುತ್ತೇನೆ, ಒಳನಾಡಿನ ನಕ್ಷೆ ಬರೆಯುತ್ತೇನೆ. ವಸಂತದಲ್ಲಿ ನಾಯಿಬಂಡಿ ಕಟ್ಟಿಕೊಂಡು ಐವತ್ತು ದಿನ ಒಳಗೆ ಹೋಗಿದ್ದೆ. ಹಳೆಯ ನಕ್ಷೆಯಲ್ಲಿ ಆ ಜಾಗವೆಲ್ಲ ಖಾಲಿ. ಒಂದು ಹಿಮನದಿಯ ತಲೆಗೆ ಒಂಟಿ ಬೆಟ್ಟ ಸಿಕ್ಕಿತು. ಮನುಷ್ಯರು ಯಾರೂ ನೋಡಿಲ್ಲವೆಂದು ಕಾಣುತ್ತದೆ. ಅದಕ್ಕೆ ಎಂಬ್ರಿಕ್‌ನ ಹೆಸರು ಬರೆದಿದ್ದೇನೆ.

ತಾರಾಲ್ಡ್ ವಿಷಯ ಬರೆಯಲು ನನ್ನಿಂದ ಆಗುವುದಿಲ್ಲ. ಆ ವಾರದ ಬಗ್ಗೆ ಏನನ್ನೂ ಬರೆಯಲಾಗುವುದಿಲ್ಲ. ಪೆನ್ನು ಹಿಡಿದು ಕೂತೆ, ಎರಡು ಹಾಳೆ ಹರಿದೆ. ಯಾರಿಗೆ ಶಿಕ್ಷೆ ಕೊಟ್ಟರೂ ಸತ್ತವನು ಬರುವುದಿಲ್ಲ ಚಿಕ್ಕಮ್ಮ. ತಾರಾಲ್ಡ್‌ನನ್ನು ಅವನ ಪಾಡಿಗೆ ಬಿಟ್ಟುಬಿಡಿ. ನೀನು ನನ್ನನ್ನು ಸಾಕಿದವಳು, ಇಷ್ಟು ಮಾತ್ರ ಕೇಳಿಕೊಳ್ಳುತ್ತೇನೆ.

ಕಾಲುಚೀಲ ಬೆಚ್ಚಗಿವೆ. ಒಂದು ಜೊತೆಯನ್ನು ಯೋಸ್ಟೈನ್‌ಗೆ ಕೊಟ್ಟೆ, ಅವನಿಗೆ ಹೆಣೆದುಕೊಡುವವರು ಯಾರೂ ಇಲ್ಲ.

ನಿನ್ನ
ಐಲಿಫ್


ಬ್ರೆಕ್ಕೆ, 20 ಜುಲೈ 1947

ಪ್ರೀತಿಯ ಐಲಿಫ್,

ನಿನ್ನ ಪತ್ರ ಹೋದ ಸೆಪ್ಟೆಂಬರಿನಲ್ಲಿ ಬಂತು. ತಂದುಕೊಟ್ಟವನು ತಾರಾಲ್ಡನೇ. ಲಕೋಟೆಯ ಮೇಲಿನ ನಿನ್ನ ಅಕ್ಷರ ನೋಡಿ ಅವನ ಮುಖ ಅರಳಿತು. "ಐಲಿಫ್ ಬರೆದಿದಾನೆ ಗುನ್ವೋರ್! ಇನ್ನು ನನ್ನ ವಿಷಯ ಸರಿಹೋಗುತ್ತೆ" ಅಂದ. ಎಂಥ ನಟನೆ! ನಾನು ಕೈಯಿಂದ ಕಿತ್ತುಕೊಂಡು ಒಳಗೆ ಹೋದೆ.

ಓದಿ ಅತ್ತೆ. ನಿನ್ನ ಮನಸ್ಸು ನನಗೆ ಗೊತ್ತಿಲ್ಲವೇ? ಚಿಕ್ಕವನಿದ್ದಾಗ ಕೋಳಿ ಕೊಯ್ಯುವ ದಿನ ಕೊಟ್ಟಿಗೆ ಹಿಂದೆ ಅಡಗಿ ಕೂರುತ್ತಿದ್ದವನು. ಅವನೇ ಅಂತ ಗೊತ್ತಿದ್ದೂ ಹೆಸರು ಹೇಳಲು ನಿನಗೆ ಮನಸ್ಸು ಬರಲಿಲ್ಲ. "ಬಿಟ್ಟುಬಿಡಿ" ಅಂತ ಯಾರ ಬಗ್ಗೆ ಹೇಳುತ್ತಾರೆ? ತಪ್ಪು ಮಾಡದವನನ್ನು ಬಿಟ್ಟುಬಿಡಿ ಎಂದು ಯಾರೂ ಬೇಡಿಕೊಳ್ಳುವುದಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿನ್ನ ಆ ನಾಲ್ಕು ಸಾಲನ್ನು ಎಲ್ಲರ ಮುಂದೆ ಓದಿದೆ. ಯಾರೂ ಏನೂ ಕೇಳಲಿಲ್ಲ. ಎಲ್ಲರಿಗೂ ಅರ್ಥವಾಯಿತು.

ವಿಚಾರಣೆ ಏನೂ ಆಗಲಿಲ್ಲ. ಸಾಕ್ಷಿ ಸಾಲದು ಅಂತ ಕೈಬಿಟ್ಟರು. ಆದರೆ ಊರು ಅವನನ್ನು ಬಿಡಲಿಲ್ಲ. ಅವನ ಕೈಯಿಂದ ಯಾರೂ ಕಾಗದ ತೆಗೆದುಕೊಳ್ಳದೆ, ಕ್ರಿಸ್‌ಮಸ್‌ಗೆ ಮೊದಲೇ ಅವನೇ ಹೋಗಿ ಚೀಲ ಒಪ್ಪಿಸಿದ. ಮೂವತ್ತು ವರ್ಷ ಹೊತ್ತ ಚೀಲ. ಜನವರಿಯ ಹಿಮದ ಭಾರಕ್ಕೆ ಅವನ ಕೊಟ್ಟಿಗೆಯ ಮಾಡು ಕುಸಿಯಿತು. ಮಾಡು ಎತ್ತಲು ಮುಯ್ಯಾಳಿಗೆ ಬನ್ನಿ ಎಂದು ಮನೆಮನೆಗೆ ಹೇಳಿ ಬಂದನಂತೆ. ನಮ್ಮ ಕಣಿವೆಯಲ್ಲಿ ಕುಡುಕನ ಮಾಡು ಬಿದ್ದರೂ ಹತ್ತು ಜನ ಏಣಿ ಹೊತ್ತು ಹೋಗುತ್ತಾರೆ. ಇವನಿಗೆ ಒಬ್ಬರೂ ಹೋಗಲಿಲ್ಲ. ಅವನ ಹೆಂಡತಿ ಅನ್ಲೌಗ್ ಹನ್ನೆರಡು ಜನಕ್ಕೆ ಗಂಜಿ ಮಾಡಿ ಕಾದಿದ್ದಳಂತೆ. ಸಂಜೆ ಅದನ್ನು ಹಂದಿಗೆ ಹಾಕಿದಳಂತೆ.

ಈಸ್ಟರ್ ಕಳೆದ ಮೇಲೆ ಒಂದು ದಿನ ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದ. ಟೋಪಿ ಕೈಯಲ್ಲಿ ಹಿಡಿದಿದ್ದ.

"ಗುನ್ವೋರ್, ನಾನಲ್ಲ. ನನಗೂ ಮಗ ಇದ್ದಿದ್ರೆ ಅವನ ತಲೆ ಮೇಲೆ ಕೈ ಇಟ್ಟು ಹೇಳ್ತಿದ್ದೆ. ಐಲಿಫ್‌ಗೆ ಇನ್ನೊಂದು ಸಲ ಬರಿ. ಸರಿಯಾಗಿ ಕೇಳು."

"ಅವನು ಬರೆದಾಯ್ತು" ಅಂದೆ.

"ಅವನು ನನ್ನ ಹೆಸರು ಬರೆದಿದಾನಾ? ನಾನೇ ಅಂತ ಬರೆದಿದಾನಾ?"

ನಾನು ಬಾಗಿಲು ಹಾಕಿಕೊಂಡೆ. ಅವನು ಬಹಳ ಹೊತ್ತು ನಿಂತಿದ್ದು ಹೋದ. ಅವತ್ತಿನಿಂದ ಆ ಪ್ರಶ್ನೆ ನನ್ನ ತಲೆಯಲ್ಲಿ ಹುಳುವಿನ ಹಾಗೆ ಕೊರೆಯುತ್ತಿದೆ. ನೀನು ಹಾಗೆ ಬರೆದಿಲ್ಲ, ನಿಜ. ಆದರೆ ಅದೇ ಅರ್ಥ ತಾನೇ? ಹೌದೆಂದು ಒಂದು ಪದ ಬರೆದುಬಿಡು, ನನಗೆ ನೆಮ್ಮದಿಯಾಗುತ್ತದೆ.

ಎಂಬ್ರಿಕ್‌ನ ಬೆಟ್ಟದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಕತ್ತರಿಸಿ ಇಟ್ಟಿದ್ದೇನೆ. ಗೋರಿಯಿಲ್ಲದ ಮಗನಿಗೆ ಬೆಟ್ಟವಾದರೂ ಸಿಕ್ಕಿತು.

ನಿನ್ನ ಚಿಕ್ಕಮ್ಮ


ಪೂರ್ವ ಗ್ರೀನ್‌ಲ್ಯಾಂಡ್, 24 ಆಗಸ್ಟ್ 1947

ಪ್ರೀತಿಯ ಚಿಕ್ಕಮ್ಮ,

ಹಡಗು ಕೊಲ್ಲಿಯೊಳಗೆ ಬರಲಾಗಲಿಲ್ಲ. ದೋಣಿಯಲ್ಲಿ ಸಾಮಾನು ತಂದು ಹಾಕಿ ಮೂರೇ ಗಂಟೆಯಲ್ಲಿ ಹೊರಟಿದೆ. ನಿನ್ನ ಪತ್ರವನ್ನು ಈಗಷ್ಟೇ ಓದಿದೆ. ದೋಣಿಯವನು ಕಾಯುತ್ತಿದ್ದಾನೆ. ಬರೆಯಬೇಕಾದ್ದು ಬಹಳವಿದೆ, ಮೂರು ಗಂಟೆಯಲ್ಲಿ ಆಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಚರ್ಚಿನಲ್ಲಿ ಓದಬಾರದಿತ್ತು.

ಐಲಿಫ್


ತಂತಿ. 3 ಮಾರ್ಚ್ 1948

ಗುನ್ವೋರ್ ಬ್ರೆಕ್ಕೆ ಅವರಿಗೆ. ತಾರಾಲ್ಡ್ ನಿರಪರಾಧಿ. ಯಾರೂ ಗುಟ್ಟು ಬಿಟ್ಟುಕೊಟ್ಟಿಲ್ಲ. ಎಂಬ್ರಿಕ್ ಸಿಕ್ಕಿಬಿದ್ದದ್ದು ನನ್ನ ತಪ್ಪಿನಿಂದ. ಊರಿಗೆಲ್ಲ ತಿಳಿಸು. ವಿವರ ಹಡಗಿನಲ್ಲಿ. ಐಲಿಫ್.


ತಂತಿ. 6 ಮಾರ್ಚ್ 1948

ಐಲಿಫ್‌ಗೆ. ತಂತಿ ತಲುಪಿತು. ನೀನು ಸುಮ್ಮನಿರು. ಮೈ ಜೋಪಾನ. ಚಿಕ್ಕಮ್ಮ.


ಪೂರ್ವ ಗ್ರೀನ್‌ಲ್ಯಾಂಡ್, 9 ಮಾರ್ಚ್ 1948

ಪ್ರೀತಿಯ ಚಿಕ್ಕಮ್ಮ,

ಈ ಪತ್ರ ಆಗಸ್ಟಿನವರೆಗೆ ಪೆಟ್ಟಿಗೆಯಲ್ಲೇ ಇರುತ್ತದೆ. ಆದರೂ ಇವತ್ತೇ ಬರೆದು ಅಂಟಿಸಿಬಿಡುತ್ತೇನೆ, ಧೈರ್ಯ ಇಳಿದುಹೋಗುವ ಮೊದಲು.

ತಂತಿಯ ಪದಗಳನ್ನು ಯೋಸ್ಟೈನ್ ಕೈಗೆ ಕೊಟ್ಟಾಗ ಅವನು ಎರಡು ಸಲ ಓದಿದ. "ಇದನ್ನ ಕಳಿಸಿದ್ರೆ ತೀರದ ಉದ್ದಕ್ಕೂ ರೇಡಿಯೊ ಹಿಡಿದು ಕೂತಿರೋರೆಲ್ಲ ಕೇಳಿಸ್ಕೋತಾರೆ ಕಣೋ" ಅಂದ. "ಕೇಳ್ಲಿ" ಅಂದೆ. ಆಮೇಲೆ ಅವನು ಏನೂ ಕೇಳಲಿಲ್ಲ. ಕಾಫಿ ಮಾಡಿಕೊಟ್ಟ. ಈ ತಂತಿಯನ್ನು ಎರಡು ವರ್ಷ ಮೊದಲೇ ಕಳಿಸಬಹುದಿತ್ತು. ರೇಡಿಯೊ ನನ್ನ ಹಾಸಿಗೆಯಿಂದ ಆರು ಹೆಜ್ಜೆ ದೂರದಲ್ಲಿತ್ತು.

ನಡೆದದ್ದು ಹೀಗೆ. ಆ ಮಾರ್ಚ್‌ನಲ್ಲಿ ಎಂಬ್ರಿಕ್ ರೇಡಿಯೊ ಬ್ಯಾಟರಿ ತರಲು ಕೆಳಗಿಳಿದಿದ್ದ. ವಿಮಾನದಿಂದ ಸಾಮಾನು ಬೀಳುವುದಿತ್ತು, ನಾನು ಅದಕ್ಕಾಗಿ ಪಶ್ಚಿಮಕ್ಕೆ ಎರಡು ದಿನದ ದಾರಿ ಹೋಗಬೇಕಿತ್ತು. ಗುಡಿಸಲು ಚಳಿಗಾಲವಿಡೀ ಖಾಲಿ ಬಿದ್ದಂತೆ ಕಾಣಬೇಕು, ಇದು ನಮಗೆ ಕಲಿಸಿದ ಮೊದಲ ಪಾಠ. ನಾನು ಎಲ್ಲ ಸರಿಯಾಗಿ ಮಾಡಿದೆ. ರೇಡಿಯೊವನ್ನು ಬಂಡೆಯ ಸಂದಿಯಲ್ಲಿ ಹೂತೆ. ಬೂದಿ ಬಾಚಿ ದೂರ ಚೆಲ್ಲಿದೆ. ನೆಲ ಗುಡಿಸಿದೆ. ಹೊಸಿಲ ಮುಂದಿನ ಹಿಮವನ್ನು ಕೊಂಬೆಯಿಂದ ಸವರಿ ನಯ ಮಾಡಿದೆ. ಹಿಮ ಬೀಳುತ್ತಿತ್ತು, ನನ್ನ ಜಾಡು ಅರ್ಧ ಗಂಟೆಯಲ್ಲಿ ಮುಚ್ಚುತ್ತಿತ್ತು.

ಆದರೆ ಹೊರಡುವ ಮೊದಲು ಒಲೆ ಹೂಡಿಟ್ಟೆ ಚಿಕ್ಕಮ್ಮ. ಒಣ ಬರ್ಚ್ ಮರದ ತುಂಡು ಸೀಳಿ, ಚಾಕುವಿನಿಂದ ತೆಳ್ಳಗೆ ಚಕ್ಕೆ ಕೆತ್ತಿ, ಒಲೆಯೊಳಗೆ ಜೋಡಿಸಿ, ಮೇಲೆ ಬೆಂಕಿಕಡ್ಡಿ ಇಟ್ಟೆ. ಗುಡಿಸಲು ಬಿಡುವವನು ಮುಂದೆ ಬರುವವನಿಗೆ ಬೆಂಕಿ ಹೂಡಿಟ್ಟೇ ಹೋಗಬೇಕು, ಅವನ ಬೆರಳು ಮರಗಟ್ಟಿರಬಹುದು. ನನಗೆ ಹತ್ತು ವರ್ಷವಿದ್ದಾಗ ಒಂದು ಸಲ ಮರೆತೆನೆಂದು ಚಿಕ್ಕಪ್ಪ ಎರಡು ಗಂಟೆಯ ದಾರಿ ವಾಪಸ್ ಕಳಿಸಿದ್ದರು, ನೆನಪಿದೆಯೇ? ಆ ಬೆಳಗ್ಗೆ ಯೋಚನೆ ಮಾಡಲಿಲ್ಲ. ಕೈ ತಾನಾಗಿ ಮಾಡಿತು. ಎಂಬ್ರಿಕ್ ನೆನೆದು ಬರುತ್ತಾನೆ ಅಂತ ಕೂಡ ಅನ್ನಿಸಿತ್ತು.

ನಲವತ್ತೈದರ ಜೂನ್‌ನಲ್ಲಿ ಶರಣಾದ ಜರ್ಮನ್ನರ ಶಿಬಿರಕ್ಕೆ ನಾನು ಕಾವಲಿದ್ದೆ. ಅವರಲ್ಲೊಬ್ಬ ಸಾರ್ಜೆಂಟ್, ಟಿರೋಲಿನ ಬೆಟ್ಟದವನು, ಮಾತಿನ ನಡುವೆ ಬ್ಲೋನುಟ್ ಹೆಸರು ತಂದ. "ನಿಮಗೆ ಯಾರು ಹೇಳಿದ್ರು?" ಎಂದು ಕೇಳಿದೆ.

"ಯಾರೂ ಹೇಳ್ಲಿಲ್ಲ. ಗಾಳಿ ಜೋರಾಗಿತ್ತು, ಆಸರೆಗೆ ಅಂತ ನುಗ್ಗಿದ್ವಿ. ಖಾಲಿ ಗುಡಿಸಲು, ಜೇಡರಬಲೆ. ಬೆಂಕಿ ಹಾಕೋಣ ಅಂತ ಒಲೆ ಬಾಗಿಲು ತೆಗೆದೆ. ಚಕ್ಕೆ ಬೆಳ್ಳಗಿತ್ತು, ಹೊಸದಾಗಿ ಕೆತ್ತಿದ ಮರದ ವಾಸನೆ ಇನ್ನೂ ಹೋಗಿರಲಿಲ್ಲ. ನಮ್ಮೂರ ಕಡೆನೂ ಹಾಗೇ ಮಾಡ್ತೀವಿ. ಯಾರೋ ಹೋಗಿದಾನೆ, ಇನ್ಯಾರೋ ಬರೋನಿದಾನೆ ಅಂತ ಗೊತ್ತಾಯ್ತು. ಬೆಂಕಿ ಹಾಕದೆ ಕೂತ್ವಿ. ಮಾರನೇ ದಿನ ಬಂದ."

ಅದನ್ನು ಅವನು ಹೆಮ್ಮೆಯಿಂದ ಹೇಳಲಿಲ್ಲ. ನಾನು ಯಾರೆಂದು ಅವನಿಗೆ ಗೊತ್ತೂ ಇರಲಿಲ್ಲ.

ತಾರಾಲ್ಡ್ ಹೊಗೆಸೊಪ್ಪು ತೆಗೆದುಕೊಂಡದ್ದು ನಿಜವಿರಬಹುದು. ಚೀಲದ ಅಡಿಯಲ್ಲಿ ನಮ್ಮ ಮಾಂಸ ಇಟ್ಟುಕೊಂಡವನು ಬೇಡವೆಂದು ಮುಖ ತಿರುಗಿಸಿದ್ದರೆ ಚೀಲ ಬಿಚ್ಚಿಸುತ್ತಿದ್ದರು. ನಮಗಾಗಿ ಜೀವ ಒತ್ತೆಯಿಟ್ಟವನು ಅವನು.

ಆ ಸಾರ್ಜೆಂಟ್ ಮಾತು ಕೇಳಿದ ವಾರವೇ ಗ್ರೀನ್‌ಲ್ಯಾಂಡಿಗೆ ಹೆಸರು ಕೊಟ್ಟೆ. ಎಲ್ಲರೂ ಸಾಹಸಿ ಅಂದರು. ನಿನ್ನ ಮುಖ ನೋಡುವ ಧೈರ್ಯವಿಲ್ಲದೆ ಓಡಿಬಂದವನು ನಾನು. ನಿನ್ನ ಮೊದಲ ಪತ್ರ ಓದಿದಾಗ ನಿಜ ಬರೆಯಬೇಕಿತ್ತು. "ಬಿಟ್ಟುಬಿಡಿ" ಅಂತ ಬರೆದು ನನ್ನ ಪಾಲಿನ ಕೆಲಸ ಮುಗಿಯಿತು ಅಂದುಕೊಂಡೆ. ಅದೇ ಸಾಲು ಅವನ ಕುತ್ತಿಗೆಗೆ ಬಿತ್ತು.

ಎಂಬ್ರಿಕ್‌ನ ಹೆಸರನ್ನು ನಕ್ಷೆಯಿಂದ ಅಳಿಸಿದ್ದೇನೆ. ಅವನಿಗೆ ಹೆಸರಿಡುವ ಹಕ್ಕು ನನಗಿಲ್ಲ. ತಂತಿ ತಲುಪಿತು ಅಂದಿದ್ದೀಯ, ಈಗಾಗಲೇ ಅದನ್ನು ಊರಿಗೆ ಓದಿ ಹೇಳಿರುತ್ತೀಯ. ತಾರಾಲ್ಡ್‌ನ ಕೊಟ್ಟಿಗೆಯ ಮಾಡು ಈಗಲಾದರೂ ಏರಿರುತ್ತದೆ. ನನ್ನನ್ನು ಬೈಯುತ್ತಿರುತ್ತೀರಿ, ಬೈಯಿರಿ. ಮೂರು ವರ್ಷದಲ್ಲಿ ಮೊದಲ ಸಲ ನಿನ್ನೆ ನೆಮ್ಮದಿಯಾಗಿ ನಿದ್ದೆ ಬಂತು.

ಐಲಿಫ್


ಬ್ರೆಕ್ಕೆ, 18 ಜುಲೈ 1948

ಪ್ರೀತಿಯ ಐಲಿಫ್,

ತಾರಾಲ್ಡ್ ಸತ್ತ. ಏಪ್ರಿಲ್ ಹತ್ತೊಂಬತ್ತಕ್ಕೆ. ಸರೋವರದ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದ. ಜನ ಅಪಘಾತ ಅನ್ನುತ್ತಾರೆ, ಒಬ್ಬರ ಕಣ್ಣನ್ನು ಒಬ್ಬರು ನೋಡದೆ ಅನ್ನುತ್ತಾರೆ. ಪ್ರತಿ ಚಳಿಗಾಲ ಆ ಮಂಜಿನ ಮೇಲೆ ಕೊಂಬೆ ನೆಟ್ಟು ಊರಿಗೆ ದಾರಿ ಗುರುತು ಮಾಡುತ್ತಿದ್ದವನು ಅವನೇ. ಏಪ್ರಿಲ್‌ನಲ್ಲಿ ಅದು ಬೂದಿಬಣ್ಣಕ್ಕೆ ತಿರುಗಿದ ಮೇಲೆ ನಮ್ಮ ಮಕ್ಕಳು ಕೂಡ ಕಾಲಿಡುವುದಿಲ್ಲ. ಹೆಣ ಸಿಕ್ಕಿದ್ದು ಮೇ ತಿಂಗಳಲ್ಲಿ. ಪೆಟ್ಟಿಗೆ ಹೊರಲು ಪಾದ್ರಿ, ಅನ್ಲೌಗ್‌ಳ ಅಣ್ಣ, ಮತ್ತೆ ಸಂಬಳಕ್ಕೆ ಗುಂಡಿ ತೋಡಿದ ಇಬ್ಬರು.

ಈಗ ಕೇಳು. ನಿನ್ನ ತಂತಿ ಮಾರ್ಚ್ ಐದಕ್ಕೆ ಬಂತು. ಪಟ್ಟಣದ ತಂತಿ ಕಚೇರಿಯಿಂದ ಮುಚ್ಚಿದ ಲಕೋಟೆಯಲ್ಲಿ ಬಸ್ಸಿನಲ್ಲಿ ಬಂತು. ನನ್ನ ಹೊರತು ಇಲ್ಲಿ ಯಾರೂ ಓದಿಲ್ಲ. ನಾನು ಅದನ್ನು ಗಡಿಯಾರದ ಹಿಂದೆ ಇಟ್ಟೆ.

ನಾನು ಯಾರಿಗೂ ಹೇಳಲಿಲ್ಲ ಐಲಿಫ್.

ಮೊದಲ ದಿನ ನಾಳೆ ಹೇಳೋಣ ಅಂದುಕೊಂಡೆ. ಚರ್ಚಿನ ಅಂಗಳದಲ್ಲಿ ನಾನೇ ಓದಿದ್ದೆನಲ್ಲ, ಮತ್ತೆ ಅಲ್ಲೇ ನಿಂತು ನಾನು ತಪ್ಪು ಓದಿದೆ ಅನ್ನಬೇಕು. ಅದಾದರೂ ಅನ್ನುತ್ತಿದ್ದೆ. ಆದರೆ ಆಮೇಲೆ ಜನ ಕೇಳುತ್ತಾರೆ, ಹಾಗಾದರೆ ಯಾರು ಅಂತ. ನಾನು ನಿನ್ನ ಹೆಸರು ಹೇಳಬೇಕು. ತಾರಾಲ್ಡ್‌ಗೆ ಏನು ಮಾಡಿದರೋ ಅದನ್ನೇ ನಿನಗೆ ಮಾಡುತ್ತಾರೆ. ಒಬ್ಬ ಮಗನನ್ನು ಜರ್ಮನ್ನರು ತಿಂದರು. ಇನ್ನೊಬ್ಬನನ್ನು ನಾನೇ ನನ್ನ ಕೈಯಾರೆ ಊರ ಬಾಯಿಗೆ ಹಾಕಲಾ? ತಾರಾಲ್ಡ್ ಹೇಗೂ ಎರಡು ವರ್ಷ ತಡೆದುಕೊಂಡಿದ್ದಾನೆ, ಇನ್ನೂ ಸ್ವಲ್ಪ ತಡೆದುಕೊಳ್ಳುತ್ತಾನೆ ಅಂದುಕೊಂಡೆ. ಹಡಗಿನ ಪತ್ರ ಬರಲಿ, ವಿವರ ನೋಡಿ ಹೇಳೋಣ ಅಂದುಕೊಂಡೆ. ಏಪ್ರಿಲ್ ಮೊದಲ ವಾರ ಅಂಗಡಿಯಲ್ಲಿ ಎದುರಾದ. ಹಿಟ್ಟಿಗೆ ಸಾಲು ನಿಂತಿದ್ದೆವು. ನಾಲಿಗೆ ತುದಿಯವರೆಗೆ ಬಂತು, ನುಂಗಿಕೊಂಡೆ.

ನಿನ್ನ ತಪ್ಪು ಏನೆಂದು ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ನೀನು ಬೇಕೆಂದು ಮಾಡಿರುವುದಿಲ್ಲ. ನಾನು ಮಾಡಿದ್ದು ಬೇಕೆಂದೇ. ಈಗ ಹೇಳಿ ಪ್ರಯೋಜನವೇನು? ಹೋದವನು ಹೋದ. ನೀನು ಬಂದುಬಿಡು. ಇಬ್ಬರೂ ಸುಮ್ಮನೆ ಇದ್ದುಬಿಡೋಣ. ನನಗೂ ಅರವತ್ತಾಗುತ್ತಾ ಬಂತು, ಎಷ್ಟು ದಿನದ ಮಾತು.

ಗುನ್ವೋರ್


ಪೂರ್ವ ಗ್ರೀನ್‌ಲ್ಯಾಂಡ್, 21 ಆಗಸ್ಟ್ 1948

ಚಿಕ್ಕಮ್ಮ,

ನಿನ್ನ ಪತ್ರ ಓದಿದೆ. ಮಾರ್ಚ್‌ನಲ್ಲಿ ಬರೆದಿಟ್ಟ ನನ್ನ ಪತ್ರ ಇದರ ಜೊತೆಗಿದೆ. ಅದರಲ್ಲಿ ಮಾಡು ಏರಿರುತ್ತದೆ ಅಂತ ಒಂದು ಸಾಲಿದೆ. ಹೊಡೆದುಹಾಕಲು ಹೋದೆ, ಇರಲಿ ಅಂತ ಬಿಟ್ಟೆ.

ಆ ಪತ್ರದ ನಕಲು ತೆಗೆದು ಪೊಲೀಸ್ ಅಧಿಕಾರಿಗೆ ಮುಟ್ಟಿಸಲು ಕಪ್ತಾನನ ಕೈಗೆ ಕೊಟ್ಟಿದ್ದೇನೆ. ಅದನ್ನು ನೀನು ತಡೆಯಲಾರೆ. ಆದರೆ ಮೊದಲ ಸಲ ಎಲ್ಲಿ ಓದಿದೆಯೋ ಅಲ್ಲಿಯೇ ಇದನ್ನೂ ನೀನೇ ಓದಬೇಕು. ತಂತಿ ಬಂದ ವಿಷಯ ನಾನು ನಕಲಿನಲ್ಲಿ ಬರೆದಿಲ್ಲ. ಅದು ನಿನ್ನದು. ಹೇಳುವುದು ಬಿಡುವುದು ನಿನಗೆ ಸೇರಿದ್ದು.

ಈ ಹಡಗಿಗೇ ಬರಬಹುದಿತ್ತು. ಯೋಸ್ಟೈನ್‌ನ ಕಾಲು ಚಳಿಗೆ ಕೊಳೆತಿದೆ, ಅವನನ್ನು ಕಳಿಸುತ್ತಿದ್ದೇನೆ. ಹೊಸಬನಿಗೆ ಕೆಲಸ ಕಲಿಸಲು ಒಬ್ಬ ಉಳಿಯಲೇಬೇಕು. ಅದು ನೆಪ ಎಂದು ನೀನು ಅಂದರೆ ನಾನು ಅಲ್ಲ ಅನ್ನುವುದಿಲ್ಲ. ಮುಂದಿನ ವರ್ಷ ಬರುತ್ತೇನೆ.

ಐಲಿಫ್


ಬ್ರೆಕ್ಕೆ, 18 ಅಕ್ಟೋಬರ್ 1948

ಐಲಿಫ್,

ಈ ಪತ್ರ ಓಲೆಸುಂಡ್‌ನಲ್ಲಿ ಮುಂದಿನ ಜುಲೈವರೆಗೆ ಬಿದ್ದಿರುತ್ತದೆ. ಇರಲಿ. ತಂತಿಯಲ್ಲಿ ಬರೆಯುವ ವಿಷಯವಲ್ಲ.

ನಿನ್ನ ಎರಡೂ ಪತ್ರ ಸೆಪ್ಟೆಂಬರ್ ಎಂಟಕ್ಕೆ ಬಂದವು. ಓದಿದ ಮೇಲೆ ಎರಡು ದಿನ ಹಸು ಕರೆಯಲೂ ಏಳಲಿಲ್ಲ. ನನ್ನ ಎಂಬ್ರಿಕ್ ಚಳಿಯಲ್ಲಿ ಬರುತ್ತಾನೆಂದು ನೀನು ಬೆಂಕಿ ಹೂಡಿಟ್ಟೆ. ಇದಕ್ಕೆ ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಆಮೇಲಿನ ಮೂರು ವರ್ಷದ ಮೌನಕ್ಕೆ ಸಿಟ್ಟಿದೆ. ಅದು ಇರುತ್ತದೆ, ಹೋಗುವುದಿಲ್ಲ.

ಪೊಲೀಸ್ ಅಧಿಕಾರಿ ಬಂದಿದ್ದ. ಕಾಫಿ ಕುಡಿದು, "ಐಲಿಫ್ ಕಳಿಸಿದ್ದು ಬಂದಿದೆ ಗುನ್ವೋರ್. ಕಡತಕ್ಕೆ ಸೇರಿಸಿದೀನಿ. ತಾರಾಲ್ಡೂ ಇಲ್ಲ, ಕೇಸೂ ಇಲ್ಲ. ಯಾಕೆ ಈಗ ಕೆದಕೋದು? ಐಲಿಫ್ ನಮ್ಮ ಹುಡುಗ, ಪದಕ ಬಂದಿರೋನು" ಅಂದ. ನನಗೆ ಅರ್ಥವಾಯಿತು. ನಾನು ಬಾಯಿ ಬಿಡದಿದ್ದರೆ ಆ ಕಾಗದ ಅವನ ಬೀರುವಿನಲ್ಲೇ ಇರುತ್ತದೆ, ತಾರಾಲ್ಡ್ ಮಣ್ಣಿನಲ್ಲೂ ದ್ರೋಹಿಯಾಗಿಯೇ ಇರುತ್ತಾನೆ. ಅಷ್ಟು ಗೊತ್ತಾದ ಮೇಲೂ ಐದು ವಾರ ಸುಮ್ಮನಿದ್ದೆ. ನನ್ನ ಬುದ್ಧಿ ಇಷ್ಟೇ.

ನಿನ್ನೆ ಭಾನುವಾರ ಓದಿದೆ. ಚರ್ಚಿನ ಅಂಗಳದಲ್ಲಿ, ಪೂರ್ತಿ, ಒಂದು ಸಾಲೂ ಬಿಡದೆ. ಆಮೇಲೆ ತಂತಿಯನ್ನೂ ಓದಿದೆ. ಬಂದ ತಾರೀಖು ಹೇಳಿದೆ. ಇಷ್ಟು ದಿನ ಬಚ್ಚಿಟ್ಟವಳು ನಾನೇ ಅಂದೆ. ಬೈಯುತ್ತಾರೆ, ಉಗಿಯುತ್ತಾರೆ ಎಂದು ಗಟ್ಟಿಯಾಗಿ ನಿಂತಿದ್ದೆ. ಒಬ್ಬರೂ ಬೈಯಲಿಲ್ಲ. ಅಂಗಡಿಯವನ ಹೆಂಡತಿ ನನ್ನ ತೋಳು ಹಿಡಿದು, "ಎಷ್ಟು ನೊಂದಿದೀಯೇ ಪಾಪ, ಬಾ, ಬಿಸಿ ಕಾಫಿ ಕುಡಿ. ಯಾರ ಕೈಲೇನಿತ್ತು?" ಅಂದಳು. ಸೇತುವೆ ಹತ್ತಿರ ಹೊಗೆಸೊಪ್ಪು ನೋಡಿದೆ ಎಂದು ಸಾಕ್ಷಿ ಹೇಳಿದ್ದವಳು ಅವಳೇ. ನನ್ನನ್ನು ಬೈದರೆ ತಮ್ಮನ್ನೂ ಬೈದುಕೊಳ್ಳಬೇಕಾಗುತ್ತದೆ, ಅದಕ್ಕೇ ಎಲ್ಲರಿಗೂ ನನ್ನ ಮೇಲೆ ಅಷ್ಟು ಕರುಣೆ. ಆ ಕಾಫಿ ಕುಡಿಯದೆ ಹೊರಟೆ.

ಅನ್ಲೌಗ್ ಈಗ ಚರ್ಚಿಗೆ ಬರುವುದಿಲ್ಲ. ಸರೋವರ ಸುತ್ತಿ ಅವಳ ಮನೆಗೆ ನಡೆದೆ. ಅರ್ಧ ಭಾಗಕ್ಕೆ ಮಾಡೇ ಇಲ್ಲದ ಕೊಟ್ಟಿಗೆಯಲ್ಲಿ ಕೂತು ಹಾಲು ಕರೆಯುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ.

"ಹೇಳಕ್ಕೆ ಬಂದಿದೀನಿ" ಅಂದೆ.

"ಹೇಳು."

ಎಲ್ಲ ಹೇಳಿದೆ. ಗುಡಿಸಲು, ಸಾರ್ಜೆಂಟ್, ನೀನು, ತಂತಿ, ಗಡಿಯಾರದ ಹಿಂದೆ ಇಟ್ಟದ್ದು. ಅವಳು ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಕರೆಯುತ್ತಲೇ ಇದ್ದಳು. ನಾನು ಮುಗಿಸಿದ ಮೇಲೆ ಕೈ ನಿಲ್ಲಿಸಿದಳು.

"ತಂತಿ ಯಾವತ್ತು ಬಂತು ಅಂದೆ?"

"ಮಾರ್ಚ್ ಐದು."

"ಯಾವ ವಾರ?"

"ಶುಕ್ರವಾರ."

ಬೆರಳು ಮಡಿಸಿ ಲೆಕ್ಕ ಹಾಕಿದಳು. "ಆ ಶುಕ್ರವಾರ ಅವರು ಒಲೆ ಪಕ್ಕ ಕೂತು ಮೀನುಬಲೆ ಸರಿ ಮಾಡ್ತಿದ್ರು. ಈ ಬೇಸಿಗೆ ದೋಣಿಗೆ ಹೊಸ ಡಾಂಬರು ಬಳೀಬೇಕು ಕಣೇ, ನೀನೂ ಒಂದು ಕೈ ಹಾಕ್ಬೇಕು ಅಂತಿದ್ರು" ಅಂದಳು.

ಮತ್ತೆ ಹಾಲು ಕರೆಯತೊಡಗಿದಳು. ಕ್ಷಮಿಸು ಅನ್ನಲು ನನಗೆ ಬಾಯಿ ಬರಲಿಲ್ಲ. ಕರೆದು ಮುಗಿದ ಮೇಲೆ ತಂಬಿಗೆ ಎತ್ತಿಕೊಂಡು, "ದಾರಿ ಬಿಡು ಗುನ್ವೋರ್" ಅಂದಳು. ಬಿಟ್ಟೆ.

ಮುಂದಿನ ವರ್ಷ ನೀನು ಬಂದಾಗ ಬ್ರೆಕ್ಕೆಗೆ ಬರುವ ಮೊದಲು ಅಲ್ಲಿಗೆ ಹೋಗಬೇಕು. ನಾನು ಜೊತೆಗೆ ಬರುವುದಿಲ್ಲ. ಅವಳು ನಿನ್ನನ್ನು ಗುಡಿಸಲಿನ ಬಗ್ಗೆಯಾಗಲಿ, ಜರ್ಮನ್ನರ ಬಗ್ಗೆಯಾಗಲಿ ಕೇಳುವುದಿಲ್ಲ. ತಾರಾಲ್ಡ್‌ನದು ತಪ್ಪಿಲ್ಲವೆಂದು ನಿನಗೆ ಗೊತ್ತಾದದ್ದು ಯಾವತ್ತು ಅಂತ ಕೇಳುತ್ತಾಳೆ. ನೀನು ನಲವತ್ತೈದರ ಜೂನ್ ಅನ್ನಬೇಕಾಗುತ್ತದೆ. ಆಮೇಲೆ ಆ ಜೂನ್‌ನಲ್ಲಿ ತಾರಾಲ್ಡ್ ಏನು ಮಾಡುತ್ತಿದ್ದ ಅಂತ ಅವಳು ಹೇಳುತ್ತಾಳೆ. ಕೂತು ಪೂರ್ತಿ ಕೇಳಿಸಿಕೊ.

ಚಿಕ್ಕಮ್ಮ